ಹೆಗಲಿಗೊಂದು ಅರ್ಧ ಗಂಟೆ

ಮನೆಗೆಲಸ ಮಾಡುವ ಹೆಂಗಸಿಗೆ ಬೇರೆ ವ್ಯಾಯಾಮ ಬೇಕಿಲ್ಲ ಎಂಬ ಮಾತನ್ನು ಮೊದಲು ಆಡಿದವರು ಯಾರೋ, ಅವರು ಒಂದು ದಿನವಾದರೂ ರೊಟ್ಟಿ ಬಡಿದಿರಲಿಕ್ಕಿಲ್ಲ. ನಮ್ಮ ಹಾವೇರಿ ಸೀಮೆಯಲ್ಲಿ ಈ ಮಾತು ಎಷ್ಟು ಆಳಕ್ಕೆ ಬೇರು ಬಿಟ್ಟಿದೆಯೆಂದರೆ, ಹೆಗಲು ಹಿಡಿದು ಕೈ ಮೇಲೆತ್ತಲಾಗದೆ ಕೂತವಳಿಗೂ ಅದನ್ನೇ ಔಷಧದಂತೆ ಅರೆದು ಕುಡಿಸುತ್ತಾರೆ. "ಕಸಾ ಹೊಡೀರಿ, ಅರಿವಿ ಒಗೀರಿ, ರೊಟ್ಟಿ ಬಡೀರಿ, ತಾನಽ ಸಡ್ಲ ಆಕ್ಕೈತಿ." ಹೀಗೆ ಹೇಳುವವರಲ್ಲಿ ಅತ್ತೆಯಂದಿರಿದ್ದಾರೆ, ಗಂಡಂದಿರಿದ್ದಾರೆ, ಪಕ್ಕದ ಮನೆಯವರಿದ್ದಾರೆ. ಬಿಳಿ ಕೋಟು ಹಾಕಿಕೊಂಡವರೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಈ ಮಾತು ಸುಳ್ಳು. ಎಷ್ಟೋ ಹೆಂಗಸರ ರಟ್ಟೆಯನ್ನು ಕೆಡಿಸಿದ ಸುಳ್ಳು. ಇದನ್ನು ನಾನು ನನ್ನ ಬಲಗೈಯಿಂದಲೇ ಬರೆಯುತ್ತಿದ್ದೇನೆ ಎಂಬುದು ನನಗೊಂದು ಸಣ್ಣ ಹೆಮ್ಮೆ.

ರಾಣೆಬೆನ್ನೂರಿನ ನಮ್ಮ ಮನೆಯ ಹಿತ್ತಲಲ್ಲಿ, ಅರಿವೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದಾಗ ನನ್ನ ಬಲದೋಳಿನ ಎಲುಬು ಹೆಗಲಿನ ಕೀಲಿನ ಹತ್ತಿರವೇ ಬಿರುಕು ಬಿಟ್ಟಿತು. ಕೈಯನ್ನು ಜೋಳಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿದರು. ಕೆಲವು ವಾರಗಳ ಮೇಲೆ ಎಕ್ಸ್‌ರೇ ತೆಗೆಸಿ, "ಎಲುಬು ಚಲೋ ಕೂಡೈತಿ, ಇನ್ನ ಕೈ ಆಡಿಸ್ಕೋಂತ ಇರ್ರಿ" ಎಂದು ಕಳಿಸಿದರು. ಹೇಗೆ ಆಡಿಸುವುದು? ದಿನಕ್ಕೆ ಎಷ್ಟು ಸಲ? ನೋವಾದರೆ ನಿಲ್ಲಿಸಬೇಕೋ, ಮುಂದುವರಿಸಬೇಕೋ? ಚೀಟಿಯ ಕೊನೆಯಲ್ಲಿ 'ವ್ಯಾಯಾಮ' ಎಂಬ ಒಂದೇ ಶಬ್ದವಿತ್ತು. ಗುಳಿಗೆ ಬರೆದರೆ ಹೊತ್ತಿಗೆ ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಬರೆಯುತ್ತಾರೆ. ವ್ಯಾಯಾಮಕ್ಕೆ ಆ ಮರ್ಯಾದೆ ಇಲ್ಲ.

ಎಲುಬು ಕೂಡಿದ ಆ ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಹೆರಳು ಹಾಕಿಕೊಳ್ಳಲು ಕೈ ತಲೆಯ ಹಿಂದಕ್ಕೆ ಹೋಗದು. ಕುಬಸದ ತೋಳಿನಲ್ಲಿ ಕೈ ತೂರಿಸಬೇಕಾದರೆ ಮಗಳು ಬರಬೇಕು. ಒಳ ಉಡುಪಿನ ಕೊಂಡಿ ಹಾಕಿಕೊಳ್ಳಲು ಆಗುತ್ತಿಲ್ಲ ಎಂದು ಗಂಡಸು ಡಾಕ್ಟರ ಮುಂದೆ ಬಾಯಿ ಬಿಟ್ಟು ಹೇಳುವವರು ನಮ್ಮಲ್ಲಿ ಎಷ್ಟು ಮಂದಿ? ರಾತ್ರಿ ನಿದ್ದೆಗಣ್ಣಿನಲ್ಲಿ ಆ ಮಗ್ಗುಲಿಗೆ ಹೊರಳಿದರೆ ಜೀವ ಬಾಯಿಗೆ ಬರುವಂಥ ನೋವು. ಇದೊಂದೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎಕ್ಸ್‌ರೇ ನೋಡಿದವರ ಲೆಕ್ಕದಲ್ಲಿ ನನಗೆ ವಾಸಿಯಾಗಿತ್ತು. ನನ್ನ ಲೆಕ್ಕದಲ್ಲಿ ಕೈ ಇನ್ನೂ ನನಗೆ ವಾಪಸು ಬಂದಿರಲಿಲ್ಲ.

ಈ ಎರಡು ಲೆಕ್ಕಗಳ ಜಗಳ ಹಳೆಯದು. ಅಮೆರಿಕದ ಬಾಸ್ಟನ್ ನಗರದಲ್ಲಿ ಅರ್ನೆಸ್ಟ್ ಕಾಡ್‌ಮನ್ ಎಂಬ ಶಸ್ತ್ರವೈದ್ಯರಿದ್ದರು. ಚಿಕಿತ್ಸೆ ಮಾಡಿ ಕಳಿಸಿದರೆ ಸಾಲದು, ಪ್ರತಿಯೊಬ್ಬ ರೋಗಿಯನ್ನೂ ತಿಂಗಳುಗಟ್ಟಲೆ ಆದಮೇಲೂ ಕರೆದು ಕೊನೆಗೆ ಏನಾಯಿತೆಂದು ವಿಚಾರಿಸಬೇಕು, ಅದನ್ನು ಮುಚ್ಚಿಡದೆ ಹೇಳಬೇಕು ಎಂದು ಹಟ ಹಿಡಿದು ತಮ್ಮ ಜೊತೆಯ ವೈದ್ಯರ ಸಿಟ್ಟಿಗೆ ಗುರಿಯಾದವರು ಅವರು. 1934ರಲ್ಲಿ ಅವರು ಹೆಗಲಿನ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದರು. ಇವತ್ತು ಡಾಕ್ಟರುಗಳು 'ಫ್ರೋಜನ್ ಶೋಲ್ಡರ್' ಎನ್ನುವ ಹೆಸರು ಬಳಕೆಗೆ ಬಂದದ್ದು ಅವರಿಂದ. ಸೊಂಟ ಬಗ್ಗಿಸಿ ನಿಂತು ಕೈಯನ್ನು ಜೋತುಬಿಟ್ಟು ತೊಟ್ಟಿಲ ತೂಗಿದ ಹಾಗೆ ತೂಗುವ ವ್ಯಾಯಾಮಕ್ಕೂ ಅವರದೇ ಹೆಸರು. ಹೆಗಲನ್ನು ಬಲ್ಲ ಆ ಮನುಷ್ಯನಿಗೆ ಕೊನೆಗೆ ಏನಾಯಿತು ಎಂಬುದು ಮುಖ್ಯವಾಗಿತ್ತು. ನಮಗೂ ಅದೇ ಮುಖ್ಯ. ಎಲುಬು ಕೂಡಿತೇ ಎಂದು ಡಾಕ್ಟರು ಕೇಳಲಿ, ಬೇಡವೆನ್ನುವುದಿಲ್ಲ. ಹೆರಳು ಹಾಕಿಕೊಂಡಿರಾ ಎಂದೂ ಕೇಳಲಿ.

ಈಗ ರೊಟ್ಟಿಯ ವಿಚಾರಕ್ಕೆ ಬರುತ್ತೇನೆ. ನಮ್ಮ ದೇಹದಲ್ಲಿ ಹೆಗಲಿನಷ್ಟು ಎಲ್ಲ ದಿಕ್ಕಿಗೂ ತಿರುಗುವ ಕೀಲು ಇನ್ನೊಂದಿಲ್ಲ. ತೊಡೆಯ ಕೀಲು ಆಳವಾದ ಬಟ್ಟಲಿನಲ್ಲಿ ಕೂತ ಗುಂಡಿನಂತೆ. ಹೆಗಲಿನದು ಚಪ್ಪಟೆ ತಟ್ಟೆಯ ಮೇಲಿಟ್ಟ ಲಿಂಬೆಹಣ್ಣಿನಂತೆ. ಆ ಲಿಂಬೆಹಣ್ಣು ಉರುಳಿ ಬೀಳದಂತೆ ನಾಲ್ಕು ಸಣ್ಣ ಸ್ನಾಯುಗಳು ಸುತ್ತಲಿಂದ ಹಿಡಿದುಕೊಂಡಿವೆ. ಇಡೀ ಕೀಲಿಗೆ ಒಂದು ತೆಳ್ಳನೆಯ ಚೀಲದ ಹೊದಿಕೆಯಿದೆ. ಕೈ ಮೇಲೆತ್ತಲು ಅನುಕೂಲವಾಗಲೆಂದು ಆ ಚೀಲ ಕಂಕುಳ ಕಡೆ ಸಡಿಲವಾಗಿ, ನಿರಿಗೆ ನಿರಿಗೆಯಾಗಿ ಇರುತ್ತದೆ. ಪೆಟ್ಟು ಬಿದ್ದು ಕೈಯನ್ನು ಬಹಳ ದಿನ ಆಡಿಸದೆ ಇಟ್ಟರೆ, ಕೆಲವರಿಗೆ ಪೆಟ್ಟೇ ಬೀಳದಿದ್ದರೂ, ಆ ಚೀಲ ದಪ್ಪಗಾಗಿ ಬಿಗಿದುಕೊಳ್ಳುತ್ತದೆ. ಒಗೆದ ಮೇಲೆ ಕುಗ್ಗಿದ ಹತ್ತಿಯ ಕುಬಸ ನೋಡಿದ್ದೀರಲ್ಲ, ಹಾಗೆ. ಅದನ್ನು ಮತ್ತೆ ಹಿಗ್ಗಿಸಬೇಕಾದರೆ ಕೈ ಎಷ್ಟು ಹೋಗುತ್ತದೋ ಅಷ್ಟೂ ಹೋಗಿ, ಅಲ್ಲಿಂದ ಇನ್ನೊಂದು ಬೆರಳಿನಷ್ಟು ಮುಂದೆ ಹೋಗಿ ಬರಬೇಕು. ದಿನಾಲೂ ಹೋಗಿ ಬರಬೇಕು.

ಈಗ ಹೇಳಿ, ರೊಟ್ಟಿ ಬಡಿಯುವಾಗ ಕೈ ಎಲ್ಲಿರುತ್ತದೆ? ಸೊಂಟಕ್ಕಿಂತ ಮೇಲೆ, ಎದೆಗಿಂತ ಕೆಳಗೆ. ಹಿಟ್ಟು ನಾದುವಾಗ? ಅಲ್ಲಿಯೇ. ಕಸ ಹೊಡೆಯುವಾಗ, ಪಾತ್ರೆ ತಿಕ್ಕುವಾಗ, ಕಾಯಿಪಲ್ಲೆ ಹೆಚ್ಚುವಾಗ, ಅರಿವೆ ಒಗೆಯುವಾಗ? ಎಲ್ಲವೂ ಮುಂದೆ ಮತ್ತು ಕೆಳಗೆ. ಬೆಳಗಿನಿಂದ ರಾತ್ರಿಯವರೆಗೆ ಸಾವಿರ ಸಲ ಆಡಿದ ಕೈ, ತಾನು ತಿರುಗಬಲ್ಲ ವರ್ತುಲದ ಒಂದು ಸಣ್ಣ ಮೂಲೆಯಲ್ಲೇ ಸಾವಿರ ಸಲ ಆಡಿರುತ್ತದೆ. ಉಳಿದ ವರ್ತುಲಕ್ಕೆ ತುಕ್ಕು ಹಿಡಿದರೆ ಆಶ್ಚರ್ಯವೇನು? ಮೇಲಿನ ಮಾಡಿನಿಂದ ಡಬ್ಬಿ ಇಳಿಸುವ ಕೆಲಸ ಬಂದಾಗ ನೋಯುವ ಹೆಂಗಸು ಏನು ಮಾಡುತ್ತಾಳೆ? ಸೊಂಟ ವಾಲಿಸುತ್ತಾಳೆ, ತುದಿಗಾಲಲ್ಲಿ ನಿಲ್ಲುತ್ತಾಳೆ, ಇಲ್ಲವೇ ಎಡಗೈ ಚಾಚುತ್ತಾಳೆ. ಡಬ್ಬಿ ಕೆಳಗೆ ಬಂತು, ಕೀಲು ಇದ್ದಲ್ಲೇ ಇತ್ತು. ಕೆಲಸಕ್ಕೆ ಬೇಕಾದದ್ದು ಡಬ್ಬಿ, ವ್ಯಾಯಾಮಕ್ಕೆ ಬೇಕಾದದ್ದು ಕೀಲು. ಎರಡನ್ನೂ ಒಂದೇ ಎನ್ನುವವರಿಗೆ ಒಂದರ ಪರಿಚಯವೂ ಇಲ್ಲ.

ನಾನು ಫಿಸಿಯೋಥೆರಪಿಗೆ ಹೋಗುತ್ತಿದ್ದ ಕಡೆ ಬ್ಯಾಡಗಿಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರಿಂದ ತೆಗೆದ ಬಣ್ಣ ತುಟಿಗೆ, ಉಗುರಿಗೆ ಹಚ್ಚುವ ಸಾಮಾನುಗಳವರೆಗೂ ಹೋಗುತ್ತದೆ ಎಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಕಾಯಿಯ ತೊಟ್ಟು ಮುರಿಯುವ ಬೆರಳು ಯಾರದು, ಆ ಬೆರಳಿನ ಮೇಲಿನ ರಟ್ಟೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಆಕೆ ಹೇಳಿದಳು: "ನಮ್ಮ ಕೈ ದಿನಾ ಪೂರ್ತಿ ನೆಲದ ಕಡೀಗೇ ಇರತಾವ್ರಿ ಅಕ್ಕಾರ. ಮ್ಯಾಲೆ ಎತ್ತೂ ಕೆಲ್ಸಽ ಬರೂದಿಲ್ಲ. ಒಂದಿನ ದೇವ್ರಿಗೆ ಆರತಿ ಎತ್ತಾಕ ಹೋದೆ, ಕೈ ಏಳಲೇ ಇಲ್ಲ." ಇಡೀ ವೈದ್ಯಶಾಸ್ತ್ರ ಹೇಳುವುದನ್ನು ಆಕೆ ಮೂರು ಮಾತಿನಲ್ಲಿ ಹೇಳಿದಳು.

ನಮ್ಮ ರಾಣೆಬೆನ್ನೂರಿನ ಸುತ್ತ ಹೈಬ್ರಿಡ್ ಬೀಜ ತೆಗೆಯುವ ಹೊಲಗಳಿವೆ. ಸಂಜೆ ಮೊಗ್ಗು ಬಿಡಿಸಿ ಅದರ ಗಂಡು ಭಾಗ ಕೀಳುವುದು, ಮರುದಿನ ಬೆಳಿಗ್ಗೆ ಅದಕ್ಕೆ ಬೇರೆ ಗಿಡದ ಹೂವಿನ ಪುಡಿ ಮುಟ್ಟಿಸುವುದು, ಒಂದೊಂದು ಹೂವಿಗೂ ಕೈಯಿಂದಲೇ. ಗಿಡದ ಎತ್ತರಕ್ಕೆ ಕೈ ಚಾಚಿ ಹಿಡಿದು ಗಂಟೆಗಟ್ಟಲೆ ನಿಂತವರಲ್ಲಿ ಹೆಚ್ಚಿನವರು ಹೆಂಗಸರು. ಹಾವೇರಿಯಂತೂ ಏಲಕ್ಕಿ ಮಾಲೆಯ ಊರು. ಸಭೆ ಸಮಾರಂಭಗಳಲ್ಲಿ ಮಂತ್ರಿಗಳ ಕೊರಳಿಗೆ ಆ ಮಾಲೆ ಬೀಳುತ್ತದೆ. ಹಿಡಿದುಕೊಂಡ ಹೆಗಲಿನ ಹೆಂಗಸಿಗೆ ಮಾಲೆ ಕೊಟ್ಟು ಒಬ್ಬರ ಕೊರಳಿಗೆ ಹಾಕು ಎಂದು ನೋಡಿ, ಆಕೆಯ ಕಷ್ಟ ಆಗ ಸಭೆಗೆಲ್ಲ ಕಾಣುತ್ತದೆ. ಮೂರು ಊರುಗಳೂ ಕೈಕೆಲಸದಿಂದ ಹೆಸರಾದವು. ಕೈ ಕೆಟ್ಟಾಗ ಮಾತ್ರ ಅದು ಆಕೆಯೊಬ್ಬಳ ಹಣೆಬರಹ.

ಫಿಸಿಯೋಥೆರಪಿ ಎಂದರೆ ಎಣ್ಣೆ ಹಚ್ಚಿ ತಿಕ್ಕುವುದು, ಕರೆಂಟು ಕೊಡುವುದು ಎಂದು ತಿಳಿದವರೇ ಹೆಚ್ಚು. ನನಗೆ ಹೇಳಿಕೊಟ್ಟ ಹುಡುಗಿ ಹೆಚ್ಚಾಗಿ ಬಳಸಿದ್ದು ಒಂದು ಗೋಡೆ, ಒಂದು ಕೋಲು, ಒಂದು ಟವೆಲು, ಬಾಗಿಲ ಮೇಲೆ ಕಟ್ಟಿದ ಒಂದು ರಾಟೆ, ಅಷ್ಟೇ. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಸಾಲಿನಂತೆ ಹತ್ತಿಸಬೇಕು. ಎಲ್ಲಿ ನಿಲ್ಲುತ್ತವೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಬೇಕು. ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿದು, ಗಟ್ಟಿಯಿರುವ ಕೈಯಿಂದ ನೋಯುವ ಕೈಯನ್ನು ಮೇಲೆ ಕರೆದೊಯ್ಯಬೇಕು. ರಾಟೆಯ ಹಗ್ಗವನ್ನು ಒಂದು ಕೈ ಎಳೆದರೆ ಇನ್ನೊಂದು ಏಳಬೇಕು. ಬಾವಿಯ ನೀರು ಸೇದಿದವರಿಗೆ ಇದು ಹೊಸತೇನಲ್ಲ. ಸ್ವಲ್ಪ ಸಡಿಲವಾದ ಮೇಲೆ ಬಲ ಬರಿಸುವ ವ್ಯಾಯಾಮ. "ಆಂಟಿ, ಹಿಗ್ಗುವ ನೋವು ಬೇರೆ, ಚುಚ್ಚುವ ನೋವು ಬೇರೆ. ಮೊದಲನೆಯದಕ್ಕೆ ಹೆದರಬೇಡ್ರಿ, ಎರಡನೆಯದು ಬಂದ್ರ ನಿಲ್ಲಸ್ರಿ" ಎಂದಳು. ಈ ಒಂದು ವಿವೇಕವನ್ನು ಕಲಿಸುವುದಕ್ಕೇ ಒಬ್ಬ ಕಲಿತವಳು ಬೇಕು. ಗೋಡೆಯ ಗೆರೆ ಒಂದು ವಾರ ಎರಡು ಬೆರಳು ಏರಿತು, ಮುಂದಿನ ವಾರ ಏರಲೇ ಇಲ್ಲ, ಮತ್ತೆ ಏರಿತು. ಹೆರಳು ಹಾಕಿಕೊಳ್ಳುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು.

ಆ ನಾಲ್ಕು ತಿಂಗಳಲ್ಲಿ ನೋವಿಗಿಂತ ದೊಡ್ಡ ಶತ್ರು ಯಾವುದೆಂದರೆ, ಹೊತ್ತು. ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ, ಒಟ್ಟು ಅರ್ಧ ಗಂಟೆ. ಅಷ್ಟನ್ನು ಮನೆ ಬಿಟ್ಟುಕೊಡಲಿಲ್ಲ. ನಾನು ಗೋಡೆಗೆ ಬೆರಳು ಹಚ್ಚಿದ ಕೂಡಲೇ ಹಾಲಿನವನು ಬರುತ್ತಾನೆ, ಕುಕ್ಕರು ಕೂಗುತ್ತದೆ, ಯಾರಿಗೋ ಸಾಕ್ಸು ಸಿಗುವುದಿಲ್ಲ. ಗುಳಿಗೆ ನುಂಗುವ ಹೆಂಗಸನ್ನು ರೋಗಿ ಎನ್ನುತ್ತಾರೆ. ಗೋಡೆಯ ಮುಂದೆ ಕೈಯೆತ್ತಿ ನಿಂತವಳನ್ನು ಕೆಲಸವಿಲ್ಲದವಳು ಎನ್ನುತ್ತಾರೆ. ಕೇಂದ್ರ ಸರಕಾರವೇ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಲೆಕ್ಕ ನೋಡಿ: ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ವ್ಯತ್ಯಾಸ 201 ನಿಮಿಷ. ಇದು ದಿನದಿನವೂ ಬೆಳೆಯುವ ಸಾಲ. ಅದರಲ್ಲಿ 30 ನಿಮಿಷ ವಾಪಸು ಕೇಳಿದರೂ ಇನ್ನೂ 171 ನಿಮಿಷ ನಾವು ಬಿಟ್ಟುಕೊಟ್ಟಂತೆಯೇ. ಇಷ್ಟು ಅಗ್ಗದ ಬೇಡಿಕೆಯನ್ನು ಯಾವ ಸಾಲಗಾರನೂ ಕೇಳಿರಲಿಕ್ಕಿಲ್ಲ!

ರಟ್ಟೆ ನೋವು ದೊಡ್ಡ ವಿಷಯವಲ್ಲ ಎನ್ನುವ ಗಂಡಸರಿಗೆ ಒಂದು ನೆನಪು ಮಾಡಿಕೊಡುತ್ತೇನೆ. 2004ರಲ್ಲಿ ಸಚಿನ್ ತೆಂಡೂಲ್ಕರ್ ಅವರಿಗೆ ಮೊಣಕೈ ನೋವು ಬಂದಾಗ 'ಟೆನಿಸ್ ಎಲ್ಬೋ' ಎಂಬ ಶಬ್ದ ಚಹಾದಂಗಡಿಗಳಲ್ಲೆಲ್ಲ ಓಡಾಡಿತು. 2006ರಲ್ಲಿ ಅವರ ಹೆಗಲಿಗೆ ಶಸ್ತ್ರಚಿಕಿತ್ಸೆಯಾದಾಗ ಮತ್ತೆ ಯಾವಾಗ ಆಡುತ್ತಾರೆಂದು ದೇಶವೇ ಬೆರಳು ಮಡಿಸಿ ಎಣಿಸಿತು. ಎಣಿಸಲಿ, ಒಳ್ಳೆಯ ಆಟಗಾರ. ಅವರು ತಿಂಗಳುಗಟ್ಟಲೆ ವ್ಯಾಯಾಮ ಮಾಡಿದಾಗ, "ಬ್ಯಾಟ್ ಬೀಸೂದಽ ಕಸರತ್ತು, ಬ್ಯಾರೆ ಯಾಕ ಬೇಕು?" ಎಂದು ಯಾರಾದರೂ ಕೇಳಿದರೇ? ಆಟ ಕೀಲನ್ನು ಸವೆಸುತ್ತದೆ, ವ್ಯಾಯಾಮ ಅದನ್ನು ಸರಿಪಡಿಸುತ್ತದೆ ಎಂಬುದು ಕ್ರಿಕೆಟ್ಟಿನ ವಿಷಯದಲ್ಲಿ ಎಲ್ಲರಿಗೂ ಗೊತ್ತು. ಅಡುಗೆಮನೆಯ ವಿಷಯಕ್ಕೆ ಬಂದರೆ ಮಾತ್ರ ಆ ತಿಳಿವಳಿಕೆ ಹೊಸ್ತಿಲ ಹೊರಗೇ ನಿಲ್ಲುತ್ತದೆ.

ಈ ವಿದ್ಯೆಯನ್ನು ಹಗುರವಾಗಿ ಕಾಣುವುದಕ್ಕೂ ಒಂದು ಚರಿತ್ರೆಯಿದೆ. ಇಂಗ್ಲೆಂಡಿನಲ್ಲಿ 1894ರಲ್ಲಿ ನಾಲ್ವರು ನರ್ಸುಗಳು ಕೂಡಿ, ತರಬೇತಿ ಪಡೆದು ಅಂಗಮರ್ದನ ಮಾಡುವ ಹೆಂಗಸರ ಸಂಘವೊಂದನ್ನು ಕಟ್ಟಿದರು. ಆಗ ಆ ಕೆಲಸಕ್ಕೆ ಕೆಟ್ಟ ಹೆಸರಿತ್ತು. ಅದನ್ನು ಮಾನವಂತರ ವೃತ್ತಿಯಾಗಿಸಬೇಕೆಂಬುದು ಅವರ ಛಲ. ಬ್ರಿಟನ್ನಿನ ಇವತ್ತಿನ ಫಿಸಿಯೋಥೆರಪಿ ಸಂಸ್ಥೆ ಬೆಳೆದದ್ದು ಆ ನಾಲ್ವರ ಸಂಘದಿಂದ. ನಮ್ಮ ದೇಶದಲ್ಲಿ 1950ರ ದಶಕದ ಮೊದಲ ವರ್ಷಗಳಲ್ಲಿ, ಮುಂಬಯಿಯಲ್ಲಿ ಪೋಲಿಯೋ ಹಾವಳಿಯಿಟ್ಟ ಕಾಲಕ್ಕೆ, ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆಯಿತು. 2021ರಲ್ಲಿ ಸಂಸತ್ತು ಮಾಡಿದ ಕಾಯ್ದೆಯ ವ್ಯಾಪ್ತಿಗೆ ಈ ವೃತ್ತಿಯೂ ಬಂದಿದೆ. ಆದ್ದರಿಂದ 'ತಿಕ್ಕುವವರು' ಎಂದು ಮೂಗು ಮುರಿಯುವುದನ್ನು ಇನ್ನಾದರೂ ಬಿಡಬೇಕು. ಹಾಗೆ ಮೂಗು ಮುರಿಯುವವರೇ ಎಲುಬು ಮುರಿದ ಮರುದಿನ ಜೋರಾಗಿ ತಿಕ್ಕಿಸಿಕೊಂಡು ಬರುತ್ತಾರೆ ಎಂಬುದು ಇನ್ನೊಂದು ವಿಚಿತ್ರ.

ನನ್ನ ಮಾತಿಗೆ ಎದುರು ಮಾತುಗಳಿವೆ. ಒಂದು: "ಹಿಡಿದುಕೊಂಡ ಹೆಗಲು ವರ್ಷ ಎರಡು ವರ್ಷದಲ್ಲಿ ತಾನೇ ಬಿಡುತ್ತದೆ." ಎಷ್ಟೋ ಮಂದಿಗೆ ಬಿಡುವುದು ನಿಜ. ಪೆಟ್ಟಿಲ್ಲದೆ ಬರುವ ಈ ಬಿಗಿತ ಹೆಚ್ಚಾಗಿ ನಲವತ್ತರಿಂದ ಅರವತ್ತರ ನಡುವೆ, ಗಂಡಸರಿಗಿಂತ ಹೆಂಗಸರಿಗೆ ತುಸು ಹೆಚ್ಚು ಬರುತ್ತದೆ. ಸಕ್ಕರೆ ಕಾಯಿಲೆಯವರಿಗಂತೂ ಇನ್ನೂ ಹೆಚ್ಚು. ಜಪಾನಿನಲ್ಲಿ ಇದಕ್ಕೆ 'ಐವತ್ತರ ಹೆಗಲು' ಎಂದೇ ಹೆಸರು. ಮೊದಲು ನೋವು, ಆಮೇಲೆ ಬಿಗಿತ, ಕೊನೆಗೆ ಸಡಿಲ, ಹೀಗೆ ಮೂರು ಹಂತ. ಆದರೆ ಎಲ್ಲರಿಗೂ ಪೂರ್ತಿ ಬಿಡುವುದಿಲ್ಲ. ಬಿಡುವ ತನಕದ ಒಂದೆರಡು ವರ್ಷ ಯಾರ ಆಯುಷ್ಯ? ಎರಡು ವರ್ಷ ನಿದ್ದೆಗೆಟ್ಟು, ಬೇರೆಯವರಿಂದ ಕುಬಸ ತೊಡಿಸಿಕೊಂಡು ಕಳೆ ಎಂದು ಗಂಡಸಿಗೆ ಹೇಳಿ ನೋಡೋಣ. ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವುದು ಇನ್ನೊಂದು ಹಾದಿ. ಅದು ನೋವನ್ನು ತಗ್ಗಿಸೀತು, ಹೊಟ್ಟೆ ಮತ್ತು ಮೂತ್ರಪಿಂಡದ ಮೇಲೆ ಸಾಲ ಹೊರಿಸುತ್ತದೆ. ಕೀಲಿಗೆ ಕೊಡುವ ಇಂಜೆಕ್ಷನ್ನಿಗೂ ಅದರದೇ ಆದ ಜಾಗವಿದೆ. ಆದರೆ ನೋವು ತಗ್ಗಿದ ಆ ಬಿಡುವಿನಲ್ಲಿ ಕೈ ಆಡಿಸದಿದ್ದರೆ ಬಂದ ಪ್ರಯೋಜನ ಅರ್ಧಕ್ಕೇ ನಿಲ್ಲುತ್ತದೆ.

ಎರಡನೆಯ ಎದುರು ಮಾತು ಹೆಚ್ಚು ತೂಕದ್ದು. "ಇದೆಲ್ಲ ಸಂಬಳ ಬರುವ ಮನೆಯವರ ವೈಭೋಗ. ತೂಕದ ಮೇಲೆ ಕೂಲಿ ಎಣಿಸುವವಳಿಗೆ ಅರ್ಧ ಗಂಟೆ ಎಲ್ಲಿಂದ ಬರಬೇಕು?" ಬ್ಯಾಡಗಿಯ ಆ ಹೆಂಗಸು ಆರು ಸಲ ಬಂದು ಏಳನೆಯ ಸಲ ಬರಲಿಲ್ಲ. ಕಾಯಿಯ ಸುಗ್ಗಿ ಸುರುವಾಗಿತ್ತು. ಆಕೆಯನ್ನು ದೂರುವ ಹಕ್ಕು ನನಗಿಲ್ಲ. ಆದರೆ ಈ ವಾದವನ್ನು ಒಪ್ಪಿದರೆ ಕೊನೆಗೆ ಏನಾಗುತ್ತದೆ? ಸಾಹುಕಾರನಿಗೆ ತಕ್ಕಡಿಯೇ ಬಂಡವಾಳ, ಅದು ಓರೆಯಾದರೆ ಅಂದೇ ರಿಪೇರಿ ಮಾಡಿಸುತ್ತಾನೆ. ಆಕೆಗೆ ರಟ್ಟೆಯೇ ಬಂಡವಾಳ. ಅದನ್ನು ರಿಪೇರಿ ಮಾಡಿಸುವುದು ವೈಭೋಗವೆಂದರೆ ಯಾವ ನ್ಯಾಯ? ಬಡವಳಿಗೆ ಫಿಸಿಯೋಥೆರಪಿ ಯಾಕೆ ಎಂದು ಕೇಳುವುದನ್ನು ಬಿಟ್ಟು, ಆಕೆಗೆ ಅದು ಸಿಗುವ ಹಾಗೆ ಯಾಕೆ ಮಾಡಿಲ್ಲ ಎಂದು ಕೇಳಬೇಕು.

ಕೇಳಬೇಕಾದ ಬಾಗಿಲುಗಳು ಹಲವು. ತೊಟ್ಟು ಬಿಡಿಸುವ ಕಡೆ, ಬೀಜದ ಹೊಲದ ಕಡೆ, ಎರಡು ತಾಸಿಗೊಮ್ಮೆ ಐದು ನಿಮಿಷ ಎದ್ದು ಕೈ ಮೇಲೆತ್ತಿ ಇಳಿಸಲು ಬಿಡುವು ಕೊಟ್ಟರೆ ವ್ಯಾಪಾರ ಮುಳುಗುವುದಿಲ್ಲ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಈಗ ಸರಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಜಿಲ್ಲೆಯ ಪ್ರತಿ ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲಿ ಹೆಗಲಿಗೆ, ಮೊಣಕಾಲಿಗೆ ವ್ಯಾಯಾಮ ಹೇಳಿಕೊಡುವವರು ದಿನಾಲೂ ಇರಬೇಕು, ಅವರಲ್ಲಿ ಹೆಂಗಸರೂ ಇರಬೇಕು ಎಂದು ನಮ್ಮ ಮಹಿಳಾ ಮಂಡಳಗಳು, ಸ್ವಸಹಾಯ ಸಂಘಗಳು ಅರ್ಜಿ ಕೊಡಬೇಕು. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ನಮಗೆ ಟಿಕೇಟಿನ ಖರ್ಚಿಲ್ಲ. ಧರ್ಮಸ್ಥಳಕ್ಕೆ, ಉಳವಿಗೆ ಹೋಗಿ ಬಂದಿದ್ದೇವೆ, ಒಳ್ಳೆಯದಾಯಿತು. ಅದೇ ಬಸ್ಸು ಆಸ್ಪತ್ರೆಯ ಮುಂದೆಯೂ ನಿಲ್ಲುತ್ತದೆ. ಚೀಟಿಯಲ್ಲಿ 'ವ್ಯಾಯಾಮ' ಎಂದಷ್ಟೇ ಬರೆದ ಡಾಕ್ಟರ ಮುಂದಿನಿಂದ ಏಳಬೇಡಿ. ಯಾವ ವ್ಯಾಯಾಮ, ಎಷ್ಟು ಸಲ, ಯಾರು ತೋರಿಸುತ್ತಾರೆ ಎಂದು ಕೇಳಿಯೇ ಏಳಿ. ಸಕ್ಕರೆ ನೋಡಿಸಿಕೊಳ್ಳಬೇಕೇ ಎಂದೂ ಕೇಳಿ.

ಮನೆಯಲ್ಲಿ ಮಾತ್ರ ಅರ್ಜಿ ಕೊಡಬೇಡಿ. "ತಡಕೋತೀನಿ ಬಿಡು" ಎಂಬುದು ನಮ್ಮ ಬಾಯಿಗೆ ಎಷ್ಟು ರೂಢಿಯಾಗಿದೆಯೆಂದರೆ ಅದನ್ನೇ ಸದ್ಗುಣವೆಂದು ನಂಬಿದ್ದೇವೆ, ಹೆಣ್ಣುಮಕ್ಕಳಿಗೂ ಕಲಿಸುತ್ತಿದ್ದೇವೆ. ತಡೆದುಕೊಂಡ ಹೆಗಲು ಬಿಗಿಯುತ್ತದೆ, ಮತ್ತೇನೂ ಆಗುವುದಿಲ್ಲ. ಬೆಳಿಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಹತ್ತು, ಸಂಜೆ ಹತ್ತು, ಬಾಗಿಲು ಮುಂದೆ ಮಾಡಿಕೊಂಡು ಗೋಡೆಯ ಮುಂದೆ ನಿಲ್ಲಿ. ಕುಕ್ಕರಿನ ಸೀಟಿ ಎಣಿಸಲು ಮನೆಯಲ್ಲಿ ಬೇರೆಯವರಿಗೂ ಬರುತ್ತದೆ. ಕಲಿಯದಿದ್ದರೆ ಅನ್ನ ಒಂದೆರಡು ದಿನ ಮುದ್ದೆಯಾದೀತು, ಆಮೇಲೆ ಕಲಿಯುತ್ತಾರೆ. ಆಸ್ಪತ್ರೆಗೆ ಒಬ್ಬರೇ ಹೋಗಲು ಸಂಕೋಚವಾದರೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ. ಅವರ ಹೆಗಲೂ ನೋಯುತ್ತಿರುತ್ತದೆ, ನೀವು ಕೇಳಿರಲಿಕ್ಕಿಲ್ಲ.